ಸರ್ವೀಸಿನಲ್ಲಿ ಆದದ್ದು

ಐ.ಜಿ. ರಸ್ತೆಯ ನಮ್ಮ ಸ್ಟುಡಿಯೋಗೆ ಹದಿನೇಳು ಮೆಟ್ಟಿಲು.
ಅವರು ಹತ್ತಿ ಬಂದದ್ದು ಡ್ಯೂಟಿ ಮುಗಿಸಿ ನೇರ,
ಸೀರೆಯ ಮೇಲೆ ಖಾಕಿ ಕೋಟು, ಎದೆಗೆ ಬಿಲ್ಲೆ, ಹೆಗಲಿಗೆ ಚರ್ಮದ ಚೀಲ.
"ಮೂವತ್ತೊಂದಕ್ಕೆ ರಿಟೈರ್ಡು. ಡಿಪೋದಲ್ಲಿ ಹಾರ ಹಾಕ್ತಾರೆ,
ಪಕ್ಕದಲ್ಲಿಡೋಕೆ ದೊಡ್ಡದೊಂದು ಫೋಟೋ ಬೇಕು."
ಹೆಸರು ಗಂಗಾಂಬಿಕೆ. ಊರು ಬೀರೂರು. ಕಂಡಕ್ಟರು.
ಕ್ಯಾಮರಾ ಮುಂದೆಯೂ ಕಾಲು ಅಗಲಿಸಿ ಊರಿಯೇ ಕೂತರು,
ಸ್ಟೂಲು ಎಲ್ಲಿ ಹೊರಟುಬಿಡುತ್ತದೋ ಎಂಬಂತೆ.

ತೆಗೆದಾದ ಮೇಲೆ, ದನಿ ತಗ್ಗಿಸಿ:
"ಮುಖ ಒಂಚೂರು ನೈಸ್ ಮಾಡಮ್ಮ.
ಹುಡುಗಿಯಾಗಿದ್ದಾಗ ಮೊಡವೆ ಕೀಳೋ ಚಾಳಿ ಇತ್ತು ನಂಗೆ."

ಈ ಕೆಲಸ ನನಗೆ ಕಲಿಸಿದವರು ಇಬ್ಬರು.
ಒಬ್ಬರು ಮಾಲೀಕರು, ಖಲಂದರ್ ಸಾಹೇಬರು.
ಸೀಸದ ಮೊನೆಯನ್ನು ಮರಳುಕಾಗದಕ್ಕೆ ಉಜ್ಜಿ ಉಜ್ಜಿ
ಸೂಜಿಗಿಂತ ಸಣ್ಣಗೆ ಮಾಡಿ
ನೆಗೆಟಿವ್ ಮೇಲೆ ಚುಕ್ಕೆ ಚುಕ್ಕೆಯಾಗಿ
ಕಣ್ಣಿನಡಿಯ ಕಪ್ಪು ತುಂಬಿದ ಕೈ.
ಅವರದು ಒಂದೇ ಕಾನೂನು:
"ಹದಿನೈದು ದಿನಕ್ಕೆ ತಾನಾಗಿ ಹೋಗುವುದನ್ನು ತೆಗಿ.
ಉಳಿಯುವುದು ಅವರದು. ನಮ್ಮದಲ್ಲ."

ಇನ್ನೊಬ್ಬಳು ನನ್ನವ್ವ. ಕ್ಯಾಮರಾ ಮುಟ್ಟಿದವಳಲ್ಲ.
ಕ್ಯೂರಿಂಗ್ ವರ್ಕ್ಸಿನ ಉದ್ದ ಹಾಲಿನಲ್ಲಿ ಇಪ್ಪತ್ತಾರು ವರ್ಷ
ಕಾಫಿ ಬೀಜ ಆರಿಸಿದವಳು:
ಕರಿಯದು ಆಚೆ, ಹುಳ ಕೊರೆದದ್ದು ಆಚೆ, ಒಡಕು ಆಚೆ.
ಒಂದು ರಜೆಯಲ್ಲಿ ಪಕ್ಕ ಕೂತು, ಹುಮ್ಮಸ್ಸಿನಲ್ಲಿ,
ಸೊಟ್ಟ ಕಂಡದ್ದನ್ನೆಲ್ಲ ಎಸೆದೆ.
ತಲೆಗೊಂದು ಮೊಟಕಿದಳು:
"ಎಲ್ಲಾ ಆರಿಸಿದ್ರೆ ಉಳಿಯೋದೇನೇ, ಬರೀ ಗೋಣೀನಾ?"

ಆದರೂ ಆ ಸಂಜೆ ನನಗೆ ಕೈ ತೀಟೆ.
ಹೊಸ ಸಾಫ್ಟ್‌ವೇರು. ಒಂದೇ ಗುಂಡಿ. ಒತ್ತಿದೆ.
ಮುಖವೆಲ್ಲ ಹಾಲಿನ ಕೆನೆ.
ಕೆನೆಗಾದರೂ ಊದಿದರೆ ಸುಕ್ಕು ಬೀಳುತ್ತದೆ, ಇದಕ್ಕೆ ಅದೂ ಇಲ್ಲ.

ಮಾರನೆಯ ದಿನ ಬಂದು, ಪರದೆಗೆ ಬಾಗಿ,
ತಮ್ಮ ಎಡಗೆನ್ನೆಯ ಕುಳಿಗಳ ಮೇಲೆ ಬೆರಳಾಡಿಸಿಕೊಳ್ಳುತ್ತ
ಬಹಳ ಹೊತ್ತು ನೋಡಿದರು.
"ಯಾರಮ್ಮ ಇವಳು? ನನ್ನ ಬಸ್ಸು ಹತ್ತಿದ್ದಳಾ?
ಇವಳಿಗೇನಾದ್ರೂ ಚಿಲ್ಲರೆ ಕೊಡೋದು ಬಾಕಿ ಇದೆಯಾ?"

ಕುರ್ಚಿ ಎಳೆದು ಕೂರಿಸಿದೆ. ಮೊದಲಿಂದ ಶುರು.
ಮುಖವನ್ನು ಎರಡು ಪದರ ಮಾಡಿದೆ.
ಕೆಳಗೆ ಬರೀ ಬಣ್ಣ, ಬೆಳಕು, ನೆರಳು,
ಆವಿ ಹಿಡಿದ ಬಸ್ಸಿನ ಗಾಜಿನಾಚೆ ಕಂಡ ಹಾಗೆ;
ಮೇಲೆ, ಬೂದು ಹಾಳೆಯಲ್ಲಿ, ಚರ್ಮದ ನೇಯ್ಗೆ:
ರಂಧ್ರ, ರೋಮ, ಗೆರೆ, ತುಟಿಯಂಚಿನ ಬಿರುಕು.
ಮೇಲಿನದನ್ನು ಮುಟ್ಟಲಿಲ್ಲ.
ಕೆಳಗೆ ಮಾತ್ರ, ಬ್ರಷ್ಷಿನ ಜೋರನ್ನು ನೂರಕ್ಕೆ ಎಂಟಕ್ಕಿಳಿಸಿ,
ಮೂಗಿನ ಪಕ್ಕದ ಕೆಂಪು ತಣಿಸಿದೆ,
ಟ್ಯೂಬ್‌ಲೈಟು ಎರಚಿದ ಹಸಿರು ಒರೆಸಿದೆ,
ನೈಟ್ ಹಾಲ್ಟುಗಳ ನಿದ್ದೆಗೇಡು
ಅರ್ಧ ತೆಗೆದೆ, ಅರ್ಧ ಬಿಟ್ಟೆ.
ಗಲ್ಲದ ಮೇಲೊಂದು ಹೊಸ ಗುಳ್ಳೆ.
ಅದು ಹದಿನೈದು ದಿನದ್ದು. ಹೋಯಿತು.

ಹುಬ್ಬಿನ ಮೇಲೆ ಬೆಳ್ಳಗೆ ಅರ್ಧ ಇಂಚು ಗಾಯದ ಗುರುತು.
ಬಾಣದ ತುದಿ ಅಲ್ಲಿ ನಿಂತದ್ದೇ
ಕೈ ಅಡ್ಡ ತಂದರು.
"ಅದು ಬಿಡಮ್ಮ.
ಕೊಟ್ಟಿಗೆಹಾರದ ಹತ್ತಿರ ದನ ಅಡ್ಡ ಬಂತು, ಡ್ರೈವರು ಬ್ರೇಕ್ ಒತ್ತಿದ,
ಕಂಬಿಗೆ ಬಡಿದದ್ದು. ಕರ್ಚೀಫು ಒತ್ತಿಕೊಂಡೇ
ಉಳಿದವರಿಗೆ ಟಿಕೆಟ್ ಹರಿದೆ.
ಅದು ಸರ್ವೀಸಿನಲ್ಲಿ ಆದದ್ದು."

"ಮೊಡವೆ ಕುಳಿ?" ಕೇಳಿದೆ.
ಸ್ವಲ್ಪ ಯೋಚಿಸಿದರು.
"ಅದು ಸರ್ವೀಸಿಗೆ ಮುಂಚಿಂದು...
ಇರಲಿ. ಅದೂ ಹತ್ತಿಕೊಂಡು ಬಂದಿದೆ ಇಲ್ಲೀತನಕ."

ಪ್ರಿಂಟು ಬಂತು, ಹನ್ನೆರಡು ಹದಿನೈದು.
ಹೆಬ್ಬೆರಳಲ್ಲಿ ಕೆನ್ನೆ ಸವರಿ ನಕ್ಕರು:
"ಕಾಗದ ನುಣ್ಣಗಿದೆಯಲ್ಲ, ಅಷ್ಟು ಸಾಕು."

ಐನೂರರ ನೋಟು ಕೊಟ್ಟರು. ಡ್ರಾವರಿನಲ್ಲಿ ಚಿಲ್ಲರೆ ಇಲ್ಲ.
ರಸೀದಿಯ ಹಿಂದೆ ಇಪ್ಪತ್ತು ಎಂದು ಬರೆದು
ಸುತ್ತ ಒಂದು ಸುನ್ನೆ ಎಳೆದೆ,
"ಇಳಿಯುವಾಗ ಕೇಳಿ ತಗೊಳ್ಳಿ."
ಅವರು ಕೇಳಲಿಲ್ಲ.
ಹದಿನೇಳು ಮೆಟ್ಟಿಲು
ಗೋಡೆ ಹಿಡಿಯದೆ ಇಳಿದರು.