ತಲೆ ಕೊಡು ಸ್ವಲ್ಪ

ಶಿಡ್ಲಘಟ್ಟದ ಫಿಲೇಚರಿನಲ್ಲಿ
ಕುದಿನೀರಿಗೆ ಬೆರಳಿಟ್ಟು
ಗೂಡಿನಿಂದ ಎಳೆ ಹುಡುಕುವ ಕೆಲಸ ನನ್ನದು.
ಸಂಜೆಗೆ ಬೆರಳ ತುದಿ ಬೆಂದ ಬದನೆಯ ಸಿಪ್ಪೆ,
ಪಿನ್ನು ಹಿಡಿಯಲೂ ಆಗದು.

ಪಿಳ್ಳಕ್ಕ ಗೂಡು ಆರಿಸುವವಳು.
ಕೆಲಸ ಮುಗಿದರೆ ಬಾಗಿಲ ಮೆಟ್ಟಿಲಲ್ಲಿ ಕೂತು
"ಬಾರೇ ಮುಬೀನಾ, ಸುಮ್ನಿದ್ರೆ ಕೈ ಜೋಮು ಹಿಡಿಯುತ್ತೆ ನಂಗೆ,
ತಲೆ ಕೊಡು ಸ್ವಲ್ಪ" ಅನ್ನುತ್ತಾಳೆ,
ಕೈಸಾಲ ಕೇಳುವ ಹಾಗೆ.

ಬುಡದಿಂದ ಬಾಚುವುದಿಲ್ಲ ಅವಳು.
ತುದಿಯ ಸಿಕ್ಕು ಮೊದಲು, ಆಮೇಲೆ ಅದರ ಮೇಲಿನದು.
ಇನ್ನೊಂದು ಕೈ ಕೂದಲ ನಡುವನ್ನು ಹಿಡಿದಿರುತ್ತದೆ,
ಎಳೆದದ್ದು ನೆತ್ತಿಗೆ ತಿಳಿಯದಂತೆ.
ಮಾತು ಮಾತ್ರ ಬೇರೆಲ್ಲೋ:
ಗೂಡಿನ ರೇಟು, ಮೊಮ್ಮಗನ ಹಲ್ಲು.

ಒಂದು ವಾರ ಅವಳು ಬರಲಿಲ್ಲ.
ಗಂಗುಲಮ್ಮ ಬಾಚಿದಳು. ಒಳ್ಳೆಯವಳೇ, ಎಣ್ಣೆಯನ್ನೂ ತಂದಿದ್ದಳು.
"ಪಾಪ, ನಿನ್ನ ಕೈ" ಅಂದಳು ಎಲ್ಲರಿಗೂ ಕೇಳುವಂತೆ.
ಜಡೆ ನೆಟ್ಟಗೇ ಇತ್ತು.
ದುಪಟ್ಟಾ ತಲೆತುಂಬ ಎಳೆದುಕೊಂಡು ಮನೆಗೆ ಬಂದೆ,
ಮರುದಿನ ಬಸ್ಸಿನ ನೆಪ ಹೇಳಿ ಬೇಗ ಹೊರಟೆ.

ಸೋಮವಾರ ಮೆಟ್ಟಿಲ ಮೇಲೆ ಮತ್ತೆ ಆ ದನಿ:
"ಏನೇ ಇದು, ಕಾಗೆಗೂಡು?
ನಂಗೂ ವಾರದಿಂದ ಕೆಲಸವಿಲ್ಲ, ಬಾ."
ಅವಳ ಮೊಣಕಾಲ ನಡುವೆ ಕೂತೆ.
ಒಳಗೆ ನೀರು ಇನ್ನೂ ಆರುತ್ತಿತ್ತು.