ಅರ್ಧ ಇಂಚು

ಕಲ್ಯಾಣ ಮಂಟಪದ ಊಟದ ಮನೆ. ಬಾಳೆಲೆ ಹಾಸುವ ಮೇಜಿನ ಮೇಲೆ
ಇವತ್ತು ಚೌಕುಳಿಯ ರಬ್ಬರು ಹಾಸು.
ನಾಲ್ಕನೇ ಸುತ್ತು, ಹದಿನೇಳನೇ ಬೋರ್ಡು:
ಬಿಳಿ, ವಿಠ್ಠಲ ರಂಪುರೆ, ಸಂತೇಪೇಟೆ, ಹಾಸನ. ಅದು ನಾನು.
ಕಪ್ಪು, ಮಂಚಯ್ಯ, ಹೊಳೆನರಸೀಪುರ ಡಿಪೋದ ಕಂಡಕ್ಟರು.

ರಾಜನ ಮುಂದಿನವನನ್ನೇ ನೂಕುತ್ತಾರೆ ಹೆಚ್ಚಿನವರು.
ನಾನು ಮಂತ್ರಿ ಪಕ್ಕದ ಒಂಟೆಯ ಕಾಲಾಳನ್ನು
ಎರಡು ಮನೆ ಬಿಟ್ಟೆ.
ಅವನೂ ಅದನ್ನೇ ಬಿಟ್ಟ.
ಕುದುರೆಗೆ ಕುದುರೆ. ಒಂಟೆ ಇಣುಕಲೆಂದು
ಇಲ್ಲೊಂದು ಕಿಂಡಿ ತೆರೆದರೆ ಅಲ್ಲೂ ಕಿಂಡಿ.
ನಾನು ಕೋಟೆ ಕಟ್ಟಿದೆ, ಗಡಿಯಾರ ಒತ್ತಿದೆ.
ಅವನು ಕಟ್ಟಿದ. ಒತ್ತಿದ,
ಕೊಟ್ಟ ನೋಟಿಗೆ ಸರಿಯಾಗಿ ಟಿಕೆಟ್ಟು ಹರಿದವನ ಹಾಗೆ.

ನನಗಿದು ಹೊಸದಲ್ಲ. ಬಟ್ಟೆಯನ್ನು ಎರಡಾಗಿ ಮಡಿಸಿ
ಸೀಮೆಸುಣ್ಣದ ಒಂದೇ ಗೀಟಿನ ಮೇಲೆ ಕತ್ತರಿ ಆಡಿಸಿದರೆ
ಬಿಚ್ಚಿದಾಗ ಎರಡು ತೋಳು, ತದ್ರೂಪು.
ಮೂವತ್ತು ವರ್ಷದಿಂದ ಇದೇ.
ತೋಳು ಸಮ ಬರುತ್ತದೆ, ತೊಡುವವರು ಬರುವುದಿಲ್ಲ.
ಬ್ಯಾಂಕ್ ಮ್ಯಾನೇಜರಿಗೆ ಒಂದು ಪಕ್ಕೆ ದಪ್ಪ,
ಮೊನ್ನೆಯ ಮದುಮಗಳಿಗೆ ಒಂದು ಕೈ ಕಾಲಿಂಚು ಉದ್ದ.
ಅದನ್ನು ಅವರಿಗೂ ಹೇಳದೆ
ಹೊಲಿಗೆಯೊಳಗೆ ಮುಚ್ಚಿಡುವುದೇ ಕಸುಬು.

ಆರು ನಡೆ ಆಗಿತ್ತು. ನಟ್ಟನಡುವಿನ ನಾಲ್ಕು ಮನೆ ಖಾಲಿ.
ಅಡ್ಡಕ್ಕೆ ಮಡಿಸಿದ್ದರೆ
ನನ್ನ ಆನೆ ಅವನ ಆನೆಯ ಮೇಲೇ ಬೀಳುತ್ತಿತ್ತು.
ವ್ಯತ್ಯಾಸ ಇಷ್ಟೇ: ಸರದಿ ನನ್ನದು.
ತಲೆ ಎತ್ತಿದೆ. ಅಳತೆ ತಾನಾಗಿ ಕಣ್ಣಿಗೆ ಬಂತು,
ಎದೆ ಮೂವತ್ತೆಂಟು, ಕೊರಳು ಹದಿನೈದೂವರೆ,
ಎಡ ಭುಜ ಅರ್ಧ ಇಂಚು ಕೆಳಗೆ.
ಚಿಲ್ಲರೆ ಚೀಲ ಎಷ್ಟು ವರ್ಷ ಜಗ್ಗಿತೋ.

ಮಂತ್ರಿಯ ಕಾಲಾಳನ್ನು ನಡುವಿಗೆ ನುಗ್ಗಿಸಿದೆ.
ಹೊಡೆದ. ನನ್ನ ಕುದುರೆ ಹೊಡೆಯಿತು,
ಅವನ ಕುದುರೆ ಅದನ್ನು ಹೊಡೆಯಿತು,
ನನ್ನ ಮಂತ್ರಿ ಅದನ್ನೂ ಹೊಡೆದು ಬಯಲಲ್ಲಿ ನಿಂತ.
ಅವನ ಮಂತ್ರಿ ಮನೆಯಲ್ಲೇ ಇದ್ದ.
ಅಲ್ಲಿಂದ ಮುಂದೆ ಅವನು ನನ್ನನ್ನು ಕಾಪಿ ಹೊಡೆಯಲಿಲ್ಲ,
ಸೋಲಿಸಿದ.
ನಲವತ್ತಾರನೇ ನಡೆ, ಅಂಚಿನಲ್ಲಿ ಒಂದೇ ಒಂದು ಕಾಲಾಳು ಹೆಚ್ಚು.
ರಾಜನನ್ನು ಮಲಗಿಸಿದೆ.
ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ಕೆಮ್ಮಿಸಿತು ಇಬ್ಬರನ್ನೂ.

'ಏಳನೇದೂ ನಾನು ಹಂಗೇ ಆಡಿದ್ರೆ ಏನ್ ಮಾಡ್ತಿದ್ರಿ?'
ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.
ಭುಜದ ಮಾತು ಎತ್ತಲಿಲ್ಲ.

ಐದೂ ನಲವತ್ತರ ಬಸ್ಸಿಗೆ ಹೊರಟ,
ರಜೆಯ ದಿನದ ಅಂಗಿ, ಬರಿಗೈ,
ಇಲ್ಲದ ಚೀಲದ ಕಡೆಗೆ
ಒಂಚೂರು ವಾಲಿಕೊಂಡು.