ಪುಂಡಿಯ ಲೆಕ್ಕ

ಪಣಂಬೂರಿನಿಂದ ಮರವಂತೆಗೆ
ಕುದುರೆಯ ಲೆಕ್ಕದಲ್ಲಿ ನಾಲ್ಕು ದಿನ.
ನಾಯಿಯ ಲೆಕ್ಕ ಯಾರು ಕೇಳಿದ್ದರು?
ಮುಂದೆ ಓಡಿ, ಏಡಿ ಕೆದಕಿ, ಹಿಂದೆ ಬಂದು
ನಾವು ಬರುತ್ತಿದ್ದೇವಾ ನೋಡಿ
ಒಂದೇ ದಾರಿಯನ್ನು ಮೂರು ಸಲ ಸವೆಸಿತ್ತು ಪುಂಡಿ.
ಮೂಲ್ಕಿ ಸೇತುವೆಯಲ್ಲಿ ಲಾರಿಗೆ ಬೆಚ್ಚಿದ್ದು ಕುದುರೆ;
ಕಾಲಬುಡದಲ್ಲೇ ನಡೆದು ದಾಟಿಸಿದ್ದು ಇದು.

ಕಾಪುವಿನಲ್ಲಿ ಮಧ್ಯಾಹ್ನ.
ದೀಪಸ್ತಂಭದ ನೆರಳು ಸರಿದಂತೆ
ನಾವು ಮೂವರೂ ಸರಿದೆವು.
ಆಗ ಕಂಡೆ: ಅಂಗಾಲ ಚರ್ಮ
ದೋಸೆಯ ಅಂಚಿನ ಹಾಗೆ ಎದ್ದಿತ್ತು.
ತೆಂಗಿನೆಣ್ಣೆ ಹಚ್ಚಿ ಬನಿಯನ್ ಹರಿದು ಸುತ್ತಿದೆ.
ಬೈಯಲು ಯಾರನ್ನೋ ಹುಡುಕಿದೆ;
ಸಿಕ್ಕಿದ್ದು ನಾನೇ.

ಮಲ್ಪೆ ಹೊಕ್ಕಾಗ
ಜೀನಿನ ಮೇಲೆ ಪುಂಡಿ, ಲಗಾಮು ಹಿಡಿದು ಕೆಳಗೆ ನಾನು.
ಮೀನು ಹೆರೆಯುತ್ತಿದ್ದ ಸುಂದರಿಯಕ್ಕ
ಕತ್ತಿ ನಿಲ್ಲಿಸಿ ಕೂಗಿದಳು: "ಮದಿಮಾಯೆ ಬತ್ತೆ!"
ಮದುಮಗ
ಬಂಗುಡೆಯ ವಾಸನೆಗೆ ಮೂಗೆತ್ತಿ
ಗಂಭೀರವಾಗಿ ಕೂತಿದ್ದ.

ಮರವಂತೆ?
ಅವನನ್ನೇ ಕೇಳಬೇಕು.